ಭಾಷಣ ಆಗದ ಹಾಗೆ ಕತೆಯಲ್ಲಿ ಹೇಳೋದು ಹೇಗೆ?

ಸಣ್ಣಕತೆ ಬರೆಯಲು ಶುರುಮಾಡಿದವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: ‘ಕತೆಗೊಂದು ಆಶಯ ಇದೆ. ಅದನ್ನು ಭಾಷಣ ಆಗದ ಹಾಗೆ ಒಳಗೆ ತರೋದು ಹೇಗೆ?’

ನೀವು ಹೇಳಲೇಬೇಡಿ ಅನ್ನುತ್ತೇನೆ. ಯಾರ ಕತೆ, ಎಲ್ಲಿ ನಡೆಯುತ್ತೆ, ಏನೇನಾಗುತ್ತೆ ಅನ್ನುವುದನ್ನು ಸರಿಯಾಗಿ ಆರಿಸಿಕೊಂಡರೆ ಸಾಕು. ಸುಮ್ನೆ ಜಾರಿಕೊಳ್ಳುತ್ತಿದ್ದೇನೆ ಅನ್ನಿಸಬಹುದು. ಅದಕ್ಕೇ ಒಂದು ಕತೆಯನ್ನು ಬಿಚ್ಚಿ ನೋಡೋಣ.

ಇದು ರಷ್ಯಾದ ಚೆಕಾಫ್ 1886ರಲ್ಲಿ ಬರೆದದ್ದು. ಇಂಗ್ಲಿಷಿನಲ್ಲಿ ‘ಮಿಸರಿ’ ಅನ್ನುವ ಹೆಸರಲ್ಲಿ ಹಲವರು ಓದಿರುತ್ತಾರೆ. ಅಯೋನಾ ಬಾಡಿಗೆಗೆ ಕುದುರೆಗಾಡಿ ಓಡಿಸುವವನು. ಅದೇ ವಾರ ಮಗ ತೀರಿಕೊಂಡಿದ್ದಾನೆ. ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು, ಆದರೆ ಕೇಳುವವರಿಲ್ಲ. ಕೊನೆಗೆ ತನ್ನ ಕುದುರೆಗೇ ಹೇಳುತ್ತಾನೆ.

ಇಲ್ಲಿ ಅತಿ ಜಾಣತನದ ಆಯ್ಕೆ ಅಯೋನಾನ ಕಸುಬು. ಗಾಡಿಯವನ ಹಿಂದೆ ಸದಾ ಯಾರೋ ಕೂತಿರುತ್ತಾರೆ, ಆದರೆ ಅವನ ಬೆನ್ನು ಅವರ ಕಡೆಗೆ. ಮಾತಾಡಬೇಕಾದರೆ ತಿರುಗಬೇಕು, ತಿರುಗಿದರೆ ಗಾಡಿ ಅಡ್ಡಾದಿಡ್ಡಿ. ಒಬ್ಬ ಸೇನಾಧಿಕಾರಿ ‘ಮಗ ಯಾವುದರಿಂದ ಸತ್ತ?’ ಅಂತ ಕೇಳಿಯೂ ಕೇಳುತ್ತಾನೆ. ಅಯೋನಾ ಉತ್ತರ ಹೇಳುವಷ್ಟರಲ್ಲಿ ಕತ್ತಲಿನಿಂದ ಯಾರೋ ಬೈಯುತ್ತಾರೆ. ‘ಓಡಿಸು, ಓಡಿಸು’ ಅಂದ ಅಧಿಕಾರಿ ಕಣ್ಣು ಮುಚ್ಚಿಕೊಳ್ಳುತ್ತಾನೆ. ಅದೇ ಅಯೋನಾನ ಕೈಗೆ ಕತ್ತರಿ ಕೊಟ್ಟು ಕ್ಷೌರದಂಗಡಿಯಲ್ಲಿ ನಿಲ್ಲಿಸಿ ನೋಡಿ. ಅರ್ಧ ಕತ್ತರಿಸಿದ ತಲೆ ಹೊತ್ತು ಗಿರಾಕಿ ಎದ್ದು ಹೋಗುವ ಹಾಗಿಲ್ಲ, ಪೂರ್ತಿ ಕೇಳಲೇಬೇಕು! ಕತೆ ಅಲ್ಲೇ ಬಿದ್ದುಹೋಯಿತು.

ಇನ್ನು ಜಾಗ. ಒಂಟಿತನ ಅಂದ ಕೂಡಲೇ ನಾವು ಖಾಲಿ ಮನೆ, ಜನರಿಲ್ಲದ ದಾರಿ ಹುಡುಕುತ್ತೇವೆ. ಚೆಕಾಫ್ ಅವನನ್ನು ದೊಡ್ಡ ಊರಿನ ಗಿಜಿಗುಡುವ ಬೀದಿಯಲ್ಲಿ ಬಿಟ್ಟ. ಎರಡೂ ಕಡೆ ಅಷ್ಟು ಜನ, ಒಬ್ಬನಿಗೂ ಪುರುಸೊತ್ತಿಲ್ಲ. ಶುರುವಿನಲ್ಲೇ ಹಿಮ ಅಯೋನಾನ ಮೇಲೂ ಕುದುರೆಯ ಮೇಲೂ ಒಂದೇ ಸಮ ಬೀಳುತ್ತದೆ, ಇಬ್ಬರೂ ಅಲುಗಾಡದೆ ಬೆಳ್ಳಗಾಗಿದ್ದಾರೆ. ಅವನ ಜೊತೆ ಯಾರಿದ್ದಾರೆ ಅನ್ನುವುದು ಓದುಗರ ಕಣ್ಣಿಗೆ ಆಗಲೇ ಬಿದ್ದಿರುತ್ತದೆ.

ಘಟನೆ ಅನ್ನುವಂಥದ್ದು ಹೆಚ್ಚೇನಿಲ್ಲ. ಸಾವು ಕೂಡ ಕತೆ ಶುರುವಾಗುವ ಮೊದಲೇ ಆಗಿಹೋಗಿದೆ. ಆದರೆ ಬರುವವರ ಸರದಿ ನೋಡಿ. ಮೊದಲು ಅಧಿಕಾರಿ, ಆಮೇಲೆ ಕುಡಿದ ಮೂವರು ಯುವಕರು, ಆಮೇಲೆ ಒಬ್ಬ ಬಾಗಿಲು ಕಾಯುವವನು, ಕೊನೆಗೆ ನೀರು ಕುಡಿಯಲು ಎದ್ದ ಇನ್ನೊಬ್ಬ ಗಾಡಿಯವನು. ದೊಡ್ಡವರು ಬಡವನ ಮಾತು ಕೇಳಲ್ಲ, ಅಷ್ಟೇ ತಾನೆ ಅಂತ ನಾವು ಸಮಾಧಾನ ಮಾಡಿಕೊಳ್ಳಬಹುದಿತ್ತು. ಅವನದೇ ಕಸುಬಿನ ಹುಡುಗ ಹೊದ್ದು ಮಲಗಿದಾಗ ಆ ನೆಪವೂ ಹೋಗುತ್ತದೆ. ಸರದಿ ತಿರುಗಿಸಿ ಬರೆದಿದ್ದರೆ ಇದು ಬೇರೆಯದೇ ಕತೆ ಆಗುತ್ತಿತ್ತು, ಅಲ್ವಾ?

ನನ್ನ ಕೈಗೆ ಬರುವ ಕತೆಗಳಲ್ಲಿ ಹೆಚ್ಚಿನವು ಎಡವುವುದು ಕಸುಬಿನ ವಿಷಯದಲ್ಲೇ. ನಾಯಕನಿಗೆ ‘ಒಂದು ಆಫೀಸಿನಲ್ಲಿ ಕೆಲಸ’ ಇರುತ್ತದೆ. ಅವನನ್ನು ಅಡುಗೆಯವನನ್ನಾಗಿ ಮಾಡಿದರೂ ಒಂದು ಸಾಲೂ ಬದಲಾಗಲ್ಲ. ಆಶಯವನ್ನು ಹೊರಲು ಯಾರೂ ಇಲ್ಲದ್ದರಿಂದ ಕೊನೆಯ ಪ್ಯಾರಾದಲ್ಲಿ ಲೇಖಕರೇ ಬಂದು ವಿವರಿಸುತ್ತಾರೆ. ಆ ಪ್ಯಾರಾ ತೆಗೆದು ಯಾರಿಗಾದರೂ ಓದಲು ಕೊಡಿ. ಅವರಿಗೆ ಏನೂ ತಟ್ಟದಿದ್ದರೆ ಪ್ಯಾರಾ ವಾಪಸ್ ಹಾಕಬೇಡಿ. ನಾಯಕನಿಗೆ ಬೇರೆ ಕೆಲಸ ಹುಡುಕಿ.