ಮೊಲೆಂ ಕಾಡಿಗೆ ಬರುವವರು ಕೋವಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ

ಗೋವಾದ ಒಳನಾಡಿನ ಕಾಡು ನೋಡಲು ಹೊರಟಿರುವ ನಮ್ಮ ಕಡೆಯವರಿಗೆ ಮೊದಲೇ ಹೇಳಿಬಿಡುತ್ತೇನೆ: 'ಶಸ್ತ್ರಸಜ್ಜಿತ ಕಾವಲಿನೊಂದಿಗೆ ಕಾಡಿನ ನಡಿಗೆ' ಎಂಬ ಜಾಹೀರಾತು ಮೊಬೈಲ್‌ಗೆ ಬಂದರೆ ಹಣ ಹಾಕಬೇಡಿ. ಆ ಕಾವಲಿನ ಹೆಸರಿನಲ್ಲಿ ನಮ್ಮಿಂದ ತಲೆಗೆ 600 ರೂಪಾಯಿ ಹೆಚ್ಚಿಗೆ ಕಿತ್ತುಕೊಂಡರು. ಕೊನೆಗೆ ಅದೇ ಕಾವಲಿನ ದೆಸೆಯಿಂದ ಅಭಯಾರಣ್ಯದ ಗೇಟಿನಲ್ಲಿ ಮಧ್ಯಾಹ್ನದವರೆಗೆ ಕೂತೆವು.

ನಾನು ಮಡಗಾಂವ್‌ನಲ್ಲಿ ಕೆಲಸದಲ್ಲಿರುವವನು. ಭಾವ ಯಲ್ಲಾಪುರದ ಕಡೆಯ ಅಡಿಕೆ ಬೆಳೆಗಾರರು. ಹಂದಿ, ಮಂಗಗಳ ಕಾಟಕ್ಕೆಂದು ಪರವಾನಗಿ ಪಡೆದ ಒಂಟಿನಳಿಗೆಯ ಕೋವಿಯೊಂದು ಅವರ ಮನೆಯಲ್ಲಿ ತಂದೆಯ ಕಾಲದಿಂದಲೂ ಇದೆ. ಚುನಾವಣೆ ಬಂದಾಗಲೆಲ್ಲ ಕೋವಿ ಠಾಣೆಗೆ, ಹಂದಿ ತೋಟಕ್ಕೆ ಎಂದು ಅವರು ಗೊಣಗುವುದು ನಮಗೆಲ್ಲ ಬಾಯಿಪಾಠ. ಅಕ್ಕ ಮತ್ತು ಮಕ್ಕಳೊಂದಿಗೆ ಮೊಲೆಂ ಕಾಡಿಗೆ ಹೋಗೋಣ ಎಂದಾಗ ಫೋನಿನಲ್ಲಿ ಅವರು ಕೇಳಿದ ಮೊದಲ ಪ್ರಶ್ನೆ, "ಕೋವಿ ತರಲೇ? ಮಕ್ಕಳಿರುತ್ತಾರೆ, ಕಾಡುಕೋಣ, ಕರಡಿ ಇರುವ ಜಾಗ."

ಬೇಡ ಎಂದೆ. ಅಷ್ಟಕ್ಕೇ ಬಿಡುವವರಲ್ಲ ನಮ್ಮ ಭಾವ. ಪರವಾನಗಿ ಇದೆಯಲ್ಲ, ಕದ್ದ ಮಾಲೇ ಎಂದರು. ಪರವಾನಗಿ ಪುಸ್ತಕದಲ್ಲಿ ಅದು ಯಾವ ಪ್ರದೇಶಕ್ಕೆ ಅನ್ವಯಿಸುತ್ತದೆ ಎಂಬ ಅಂಕಣವೊಂದಿರುತ್ತದೆ, ಅದನ್ನು ಓದಿ ಎಂದೆ. ಅಲ್ಲಿ ಬರೆದಿರುವ ಪ್ರದೇಶದ ಗಡಿ ದಾಟಿದೊಡನೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಕಣ್ಣಿನಲ್ಲಿ ಅದು ಪರವಾನಗಿ ಇಲ್ಲದ ಕೋವಿಯೇ. ತೋಟ ಕಾಯಲು ಕೊಟ್ಟ ಪರವಾನಗಿಯನ್ನು ಹಿಡಿದುಕೊಂಡು ಅನಮೋಡ ಘಟ್ಟ ಇಳಿಯುವುದೆಂದರೆ ಕೇಸನ್ನು ನಾವೇ ಹೊತ್ತುಕೊಂಡು ಹೋಗಿ ಒಪ್ಪಿಸಿದಂತೆ. ಇಡೀ ದೇಶಕ್ಕೆ ಅನ್ವಯಿಸುವ ಪರವಾನಗಿ ಇದ್ದವರೂ ಹಿಗ್ಗಬೇಕಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಕಲಮಿನ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ಅಧಿಕಾರ ಕೊಟ್ಟವರ ಲಿಖಿತ ಅನುಮತಿ ಇಲ್ಲದೆ ಯಾವ ಆಯುಧವನ್ನೂ ಅಭಯಾರಣ್ಯದೊಳಗೆ ಒಯ್ಯುವಂತಿಲ್ಲ. ಪ್ರವಾಸಿಗರಿಗೆ ಅಂಥ ಅನುಮತಿ ಸಿಗುವ ಮಾತು ಮರೆತುಬಿಡಿ.

"ಪ್ರಾಣಾಪಾಯಕ್ಕೆ ಹೊಡೆದರೆ ತಪ್ಪಿಲ್ಲವಲ್ಲ?" ಎಂಬುದು ಭಾವನ ಕೊನೆಯ ಬಾಣ. ತುಂಬ ಜನ ಇದನ್ನೇ ನಂಬಿಕೊಂಡಿದ್ದಾರೆ, ಆದ್ದರಿಂದ ಬಿಡಿಸಿ ಬರೆಯುತ್ತೇನೆ. ಆತ್ಮರಕ್ಷಣೆಗಾಗಿ ಸದುದ್ದೇಶದಿಂದ ಪ್ರಾಣಿಯನ್ನು ಗಾಯಗೊಳಿಸಿದರೆ, ಕೊಂದರೂ ಸಹ, ಅಪರಾಧವಲ್ಲ ಎಂದು 11ನೇ ಕಲಮು ಹೇಳುವುದು ನಿಜ. ಆದರೆ ಅದರ ಬಾಲಕ್ಕೆ ಒಂದು ಷರತ್ತು ಕಟ್ಟಿದ್ದಾರೆ: ರಕ್ಷಣೆಯ ಅಗತ್ಯ ಬಿದ್ದ ಗಳಿಗೆಯಲ್ಲಿ ನೀವು ಅದೇ ಕಾಯ್ದೆಯನ್ನು ಮುರಿಯುತ್ತಿದ್ದರೆ ಈ ರಿಯಾಯಿತಿ ನಿಮಗಿಲ್ಲ. ಅಂದರೆ ಅನುಮತಿಯಿಲ್ಲದೆ ಕೋವಿ ಹಿಡಿದು ಒಳಗೆ ಹೋದವನಿಗೆ 'ಆತ್ಮರಕ್ಷಣೆ' ಎನ್ನುವ ಬಾಗಿಲು ಹೋಗುವಾಗಲೇ ಮುಚ್ಚಿರುತ್ತದೆ. ಕೋವಿ ಒಳಗೆ ಒಯ್ದದ್ದಕ್ಕೇ ಮೂರು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ. 2022ರ ತಿದ್ದುಪಡಿಯ ನಂತರ ದಂಡವೇ ಒಂದು ಲಕ್ಷದವರೆಗೆ ಹೋಗುತ್ತದೆ. ಶಿಕ್ಷೆಯಾದರೆ ನ್ಯಾಯಾಲಯ ಕೋವಿಯ ಪರವಾನಗಿಯನ್ನು ರದ್ದುಮಾಡಿ, ಮುಂದಿನ ಐದು ವರ್ಷ ಹೊಸದೂ ಸಿಗದಂತೆ ಆದೇಶಿಸಬಹುದು. ಅಡಿಕೆ ತೋಟ ಇರುವವರು ಈ ಕೊನೆಯ ಮಾತನ್ನು ಎರಡು ಸಲ ಓದಿಕೊಳ್ಳಿ. ಭಾವ ಸುಮ್ಮನಾದದ್ದೂ ಇಲ್ಲಿಯೇ.

ಸುಮ್ಮನಾದವರು ಕೋವಿಗೆ ಬದಲಾಗಿ ಕೋವಿಯವನನ್ನೇ ಕಾದಿರಿಸಿದರು. ಮೊಬೈಲ್‌ನಲ್ಲಿ ಕಂಡ ಯಾರೋ ಒಬ್ಬ ಏಜೆಂಟ್. ವಸತಿ, ಜೀಪು, ಕಾವಲು ಎಲ್ಲ ಸೇರಿ ಒಂದೇ ದರ. ವಸತಿ ಎಂದರೆ ತಗಡಿನ ಮಾಡಿನ ಕೋಣೆ. ಫ್ಯಾನು ತಿರುಗುವುದಕ್ಕಿಂತ ಹೆಚ್ಚು ನರಳುತ್ತಿತ್ತು. ಕಿಟಕಿಗೆ ಜಾಲರಿ ಇಲ್ಲ, ಬಚ್ಚಲಲ್ಲಿ ದೀಪವಿಲ್ಲ. ಅದಕ್ಕೆ ಒಂದು ರಾತ್ರಿಗೆ 3,500 ರೂಪಾಯಿ. ಆ ಹಣಕ್ಕೆ ಫೋಂಡಾದಲ್ಲಿ ಎರಡು ಒಳ್ಳೆಯ ಕೋಣೆ ಸಿಗುತ್ತವೆ, ಅಲ್ಲಿಂದ ಬೆಳಿಗ್ಗೆ ಬೇಗ ಹೊರಟರೆ ಸಾಕು.

ಬೆಳಿಗ್ಗೆ ಬಂದ ಕಾವಲಿನವನು ಹುಡುಗ. ಮಿಲಿಟರಿ ಬಣ್ಣದ ಪ್ಯಾಂಟು, ಸೊಂಟಕ್ಕೆ ಅಗಲವಾದ ಬೆಲ್ಟು, ಹೆಗಲಿಗೆ ಬಂದೂಕು. ಮಕ್ಕಳು ಫೋಟೊ ತೆಗೆಸಿಕೊಂಡರು. ನಮ್ಮ ಜೊತೆ ವಿರಾಜಪೇಟೆಯ ಸಹೋದ್ಯೋಗಿಯೊಬ್ಬರು ಬಂದಿದ್ದರು. ಹುಟ್ಟಿದಾಗಿನಿಂದ ಕೋವಿ ನೋಡಿ ಬೆಳೆದವರು, ದೂರದಿಂದಲೇ ನಕ್ಕುಬಿಟ್ಟರು. ಅದನ್ನು ಕೈಗೆ ತೆಗೆದುಕೊಂಡು ನಳಿಗೆಯನ್ನು ನಡುವಿನಲ್ಲಿ ಮಡಚಿ ತೋರಿಸಿದರು: ಏರ್‌ಗನ್. ಹುಡುಗನ ಜೇಬಿನಲ್ಲಿ ಪೆಪ್ಪರಮಿಂಟಿನ ಡಬ್ಬಿ, ಡಬ್ಬಿಯೊಳಗೆ ಸೊಂಟ ಸಣ್ಣಗಾದ ಸೀಸದ ಛರ್ರೆಗಳು. "ಇದರಲ್ಲಿ ಮಾವಿನಕಾಯಿ ಕೆಡವಬಹುದು, ಅದೂ ತೊಟ್ಟು ಹಣ್ಣಾಗಿದ್ದರೆ" ಎಂದರು. 4.5 ಮಿಲಿಮೀಟರ್ ನಳಿಗೆಯ, 20 ಜೂಲ್‌ಗಿಂತ ಹೆಚ್ಚು ಬಲವಿಲ್ಲದ ಏರ್‌ಗನ್‌ಗೆ ನಮ್ಮ ದೇಶದಲ್ಲಿ ಪರವಾನಗಿಯೇ ಬೇಡ. ಏಜೆಂಟನ 'ಶಸ್ತ್ರಸಜ್ಜಿತ' ಎಂಬ ಮಾತಿನ ಗುಟ್ಟು ಇಷ್ಟೇ.

ಪರವಾನಗಿ ಬೇಡ ಎಂದ ಮಾತ್ರಕ್ಕೆ ಅಭಯಾರಣ್ಯದೊಳಗೆ ಬಿಡುತ್ತಾರೆ ಎಂದಲ್ಲ. ವನ್ಯಜೀವಿ ಕಾಯ್ದೆಯಲ್ಲಿ ಆಯುಧ ಎಂದರೆ ಬಂದೂಕು ಮಾತ್ರವಲ್ಲ. ಬಿಲ್ಲುಬಾಣ, ಚಾಕು, ಬಲೆ, ಗಾಳದ ಕೊಕ್ಕೆ, ಉರುಳು, ವಿಷ, ಪ್ರಾಣಿಯನ್ನು ಗಾಯಗೊಳಿಸಬಲ್ಲ ಯಾವ ಸಾಧನವೂ ಆದೀತು. ಗೇಟಿನ ಹತ್ತಿರ ಬಂದಾಗ ಹುಡುಗ ಏರ್‌ಗನ್ನನ್ನು ಹಿಂದಿನ ಸೀಟಿನ ಕೆಳಗೆ ಗೋಣಿಚೀಲದೊಳಗೆ ತುರುಕಿದ. ಅರಣ್ಯ ರಕ್ಷಕರು ಚೀಲ ಬಿಚ್ಚಿಸಿದರು. ಮುಚ್ಚಿಟ್ಟದ್ದೇ ಅವರಿಗೆ ಹೆಚ್ಚು ಸಿಟ್ಟು ತರಿಸಿತು. ಅವರನ್ನು ದೂರುವಂತಿಲ್ಲ. ಮಹದಾಯಿ ಅಭಯಾರಣ್ಯದಲ್ಲಿ 2020ರ ಜನವರಿಯಲ್ಲಿ ಒಂದು ತಾಯಿ ಹುಲಿ ಮತ್ತು ಮೂರು ಮರಿಗಳು ವಿಷಕ್ಕೆ ಬಲಿಯಾದ ಮೇಲೆ ಈ ಸೀಮೆಯಲ್ಲಿ ಯಾರ ಚೀಲವೂ ಬರೀ ಚೀಲವಲ್ಲ. ಜೀಪನ್ನು ಪಕ್ಕಕ್ಕೆ ಹಾಕಿಸಿದರು, ಎಲ್ಲರ ಹೆಸರು, ವಿಳಾಸ ಬರೆದುಕೊಂಡರು. ಏಜೆಂಟನ ಫೋನು ಅಷ್ಟರಲ್ಲಿ ಸ್ವಿಚ್ ಆಫ್.

ಇಲ್ಲಿ ವಿರಾಜಪೇಟೆಯವರ ವಿಷಯ ಒಂದು ಮಾತು. ಕೊಡವರಿಗೂ ಕೊಡಗಿನಲ್ಲಿ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ, ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಆದರೆ ಅದು ಪರವಾನಗಿಯ ಮಟ್ಟಿಗಿನ ವಿನಾಯಿತಿ. ಅಭಯಾರಣ್ಯದ ಗೇಟಿನಲ್ಲಿ ಅವರೂ ನಮ್ಮಂತೆಯೇ. ಇದನ್ನು ನನಗೆ ಹೇಳಿದವರೇ ಅವರು. ಅವರ ಕೋವಿ ಊರಲ್ಲಿ, ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬಕ್ಕೆ ಹೂ ಮುಡಿಸಿಕೊಳ್ಳಲು ಕಾದಿದೆಯಂತೆ.

ಮಧ್ಯಾಹ್ನ ನಮ್ಮನ್ನು ಬಿಟ್ಟರು. ಹುಡುಗನನ್ನೂ ಏರ್‌ಗನ್ನನ್ನೂ ಬಿಡಲಿಲ್ಲ. ಅಲ್ಲಿಯ ಸಿಬ್ಬಂದಿಯೇ ಹತ್ತಿರದ ಹಳ್ಳಿಯ ಗಾವಕರ್ ಎಂಬವರೊಬ್ಬರನ್ನು ಮಾರ್ಗದರ್ಶಿಯಾಗಿ ಗೊತ್ತುಮಾಡಿಕೊಟ್ಟರು. ಕೈಯಲ್ಲಿ ಒಂದು ಬಿದಿರುಕೋಲು, ಕಾಲಲ್ಲಿ ಪ್ಲಾಸ್ಟಿಕ್ ಷೂ. ಅವರು ಕೇಳಿದ್ದು ಏಜೆಂಟ್ ಕಾವಲಿಗೆಂದು ಕಸಿದುಕೊಂಡ ಹಣದ ಕಾಲು ಭಾಗವೂ ಅಲ್ಲ.

ತಾಂಬಡಿ ಸುರ್ಲಾ ದೇವಸ್ಥಾನದಿಂದ ಜಲಪಾತದ ಕಡೆಗೆ ಹೋಗುವ ಕಾಲುದಾರಿಯಲ್ಲಿ ಆ ಮನುಷ್ಯ ಇದ್ದಕ್ಕಿದ್ದಂತೆ ಅಂಗೈ ಎತ್ತಿ ನಿಂತರು. ನಮಗೇನೂ ಕಾಣಲಿಲ್ಲ. ಮೂಗಿನಿಂದ ಗಾಳಿ ಬಿಟ್ಟಂಥ ಒಂದು ಭುಸ್ ಸದ್ದು, ಆಮೇಲೆ ಬಿದಿರಿನ ನಡುವೆ ಮೊಣಕಾಲಿನವರೆಗೆ ಬಿಳಿ ಕಾಲುಚೀಲ ಹಾಕಿದಂಥ ಕಾಲುಗಳು. 'ಗವೋ ರೆಡೋ' ಎಂದು ಪಿಸುಗುಟ್ಟಿದರು. ಗೋವಾದ ರಾಜ್ಯಪ್ರಾಣಿಯಾದ ಕಾಡುಕೋಣ ಅದು. ಗಂಡಾದರೆ ಒಂದು ಟನ್ ತೂಗುವುದೂ ಉಂಟು. ಮಾರ್ಗದರ್ಶಿ ಕೂಗಲಿಲ್ಲ, ಓಡಲಿಲ್ಲ. ಮಕ್ಕಳನ್ನು ಮರದ ಮರೆಗೆ ಸರಿಸಿ, ನಮ್ಮನ್ನು ಬಂದ ದಾರಿಯಲ್ಲೇ ನಿಧಾನವಾಗಿ ಹಿಂದಕ್ಕೆ ನಡೆಸಿ, ದೊಡ್ಡ ಸುತ್ತು ಹಾಕಿಸಿ ಮುಂದೆ ಕರೆದುಕೊಂಡು ಹೋದರು. ಉಳಿದ ದಾರಿಯುದ್ದಕ್ಕೂ ತಿರುವು ಬಂದಾಗಲೆಲ್ಲ ಗಂಟಲು ಸರಿಪಡಿಸಿಕೊಂಡು ಸದ್ದು ಮಾಡುತ್ತಿದ್ದರು. ನಾವು ಬರುವುದು ಪ್ರಾಣಿಗೆ ಮೊದಲೇ ಗೊತ್ತಾದರೆ ಅದೇ ದೂರ ಹೋಗುತ್ತದಂತೆ. ಭಾವನ ಒಂಟಿನಳಿಗೆಯಲ್ಲಿ ಆ ಗಾತ್ರದ ಪ್ರಾಣಿಗೆ ಒಂದು ಈಡು ತಗುಲಿಸಿ, ಅದು ಗಾಯಗೊಂಡು ತಿರುಗಿ ಬಿದ್ದಿದ್ದರೆ, ಎರಡನೆಯ ತೋಟಾ ತುಂಬುವ ತನಕ ಅದು ಕಾಯುತ್ತಿತ್ತೇ? ಈ ಪ್ರಶ್ನೆ ನನ್ನದಲ್ಲ, ಭಾವ ತಾವೇ ಕೇಳಿಕೊಂಡದ್ದು.

ಈ ಕಾಡಿನಲ್ಲಿ ನಾನು ಹೆದರುವುದು ಕೋವಿಗೆ ಸಿಗದ ಜೀವಗಳಿಗೆ. ಉಣುಗು ಮೊದಲನೆಯದು. ಪಕ್ಕದ ಸತ್ತರಿ ತಾಲ್ಲೂಕಿನಲ್ಲಿ 2015ರಿಂದ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಕಾಣಿಸಿಕೊಂಡಿದೆ. ಡಿಸೆಂಬರ್‌ನಿಂದ ಮೇ ತಿಂಗಳ ನಡುವೆ ಬರುವವರು ಉದ್ದ ತೋಳಿನ ಅಂಗಿ ತೊಟ್ಟು, ಪ್ಯಾಂಟಿನ ಕಾಲನ್ನು ಕಾಲುಚೀಲದೊಳಗೆ ಸೇರಿಸಿ, ತೆರೆದ ಚರ್ಮಕ್ಕೆ ಉಣುಗನ್ನು ದೂರವಿಡುವ ಡೇಪಾ ತೈಲವನ್ನೋ ಅಂಥದೇ ಬೇರೆಯದನ್ನೋ ಹಚ್ಚಿಕೊಳ್ಳಿ. ಮಂಗ ಸತ್ತು ಬಿದ್ದ ಜಾಗದ ಹತ್ತಿರ ಸುಳಿಯಬೇಡಿ. ಮಲೆನಾಡಿನವರಿಗೆ ಇದನ್ನು ಹೇಳಬೇಕಾಗಿಲ್ಲ, ಬೆಂಗಳೂರಿನಿಂದ ಚಡ್ಡಿ ಹಾಕಿಕೊಂಡು ಬರುವವರಿಗೆ ಹೇಳುತ್ತಿದ್ದೇನೆ. ಜೇನಿನ ವಿಷಯಕ್ಕೆ ಬಂದರೆ, ಸುಗಂಧ ಪೂಸಿಕೊಂಡು, ಹೊಗೆ ಎಬ್ಬಿಸಿಕೊಂಡು ಬಂಡೆಯ ಕೆಳಗೆ ಕೂರಬೇಡಿ. ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಬೇಡ. 108ಕ್ಕೆ ಕರೆ ಮಾಡಿ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು ಮತ್ತು ಎರಡು ಬಗೆಯ ಮಂಡಲದ ಹಾವುಗಳಿಗೆ ಮಾಡಿದ್ದು, ಘಟ್ಟದ ಹಸಿರು ಗುಳಿಮಂಡಲಕ್ಕೆ ಮಾಡಿದ್ದಲ್ಲ. ಆದ್ದರಿಂದ ಕೈ ಊರುವ ಮೊದಲು ಕೊಂಬೆಯನ್ನು ನೋಡಿ. ಮೊಬೈಲ್ ಸಿಗ್ನಲ್ ದೇವಸ್ಥಾನದ ಹತ್ತಿರವೇ ಸೋಲುತ್ತದೆ, ಎಷ್ಟು ಹೊತ್ತಿಗೆ ಹಿಂದಿರುಗುತ್ತೀರಿ ಎಂದು ಗೇಟಿನಲ್ಲಿ ಹೇಳಿ ಹೋಗಿ.

ತಾಂಬಡಿ ಸುರ್ಲಾದ ಮಹಾದೇವ ದೇವಸ್ಥಾನ ಕದಂಬರ ಕಾಲದ್ದು. ವಾರದ ನಡುವೆ ಹೋದರೆ ನೀವು ಮತ್ತು ದೇವರು ಇಬ್ಬರೇ. ದೂಧಸಾಗರದ ಜೀಪಿನ ಸರತಿ ನನಗೆ ಆಗದು. ಏಳು ಜನರನ್ನು ಒಂದು ಜೀಪಿಗೆ ತುಂಬಿ ಕುಲುಕಿಸುವ ಆ ಧೂಳಿನ ಸುಖ ಬೇಕಾದವರು ಜೀಪು ಹೊರಡುವ ಕುಳೆಂಗೆ ಬೆಳಿಗ್ಗೆ ಬೇಗ ಹೋಗಿ ನಿಲ್ಲಿ.

ಈ ಪ್ರವಾಸದಲ್ಲಿ ಕೊಟ್ಟ ಹಣಕ್ಕೆ ನ್ಯಾಯ ಸಿಕ್ಕಿದ್ದು ಉಸಗಾಂವ್ ತಿಸ್ಕ್‌ನ ಒಂದು ಖಾನಾವಳಿಯಲ್ಲಿ. ಫಲಕವಿಲ್ಲ, ಗ್ಯಾರೇಜಿನ ಪಕ್ಕ ತಗಡಿನ ಚಪ್ಪರ, ಹೊರಗೆ ಲಾರಿಗಳು. ನಡೆಸುವವರು ಬಾಗಲಕೋಟೆಯ ಕಡೆಯ ತಾಯಿ, ಮಗಳು. ಮೂರು ಗಂಟೆಯ ಮೇಲೆ ಹೋದರೂ "ಕೂಡ್ರಿ, ಬಿಸಿ ರೊಟ್ಟಿ ಬಡೀತೇನಿ" ಎಂದು ಒಲೆಯ ಮುಂದೆ ಕೂತರು. ರೊಟ್ಟಿ ಉಬ್ಬಿ, ಆವಿ ಬಿಟ್ಟು ಇಳಿದ ಮೇಲೆ ತಟ್ಟೆಗೆ. ಜೊತೆಗೆ ಶೇಂಗಾ, ಎಳ್ಳು ಅರೆದು ತುಂಬಿದ ಎಣ್ಣೆಗಾಯಿ, ಮಡಕೆಕಾಳಿನ ಪಲ್ಯ, ಗುರೆಳ್ಳು ಚಟ್ನಿಪುಡಿಯ ಮೇಲೆ ಗಟ್ಟಿ ಮೊಸರು, ಕೈಯಲ್ಲೇ ಗುದ್ದಿ ಒಡೆದ ಈರುಳ್ಳಿ. ರೊಟ್ಟಿಗೆ ಲೆಕ್ಕವಿಲ್ಲ, ಊಟಕ್ಕೆ 80 ರೂಪಾಯಿ. ಅನ್ನವಿಲ್ಲದಿದ್ದರೆ ಊಟವೇ ಅಲ್ಲ ಎನ್ನುವ ನಮ್ಮ ಅಕ್ಕ ಅನ್ನ ಕೇಳುವುದನ್ನೇ ಮರೆತರು. ಗಾವಕರ್‌ರನ್ನೂ ಕರೆದುಕೊಂಡು ಬಂದಿದ್ದೆವು. ಮೀನಿಲ್ಲದ ಊಟವೆಂದು ಮೊದಲು ಮುಖ ಸಣ್ಣ ಮಾಡಿದವರು ಎಣ್ಣೆಗಾಯಿಯನ್ನು ಮೂರನೆಯ ಸಲ ಹಾಕಿಸಿಕೊಂಡರು. ಶುಕ್ರವಾರ ಹೋಳಿಗೆ ಮಾಡುತ್ತಾರಂತೆ, ನನಗೆ ಸಿಗಲಿಲ್ಲ.

ಏಜೆಂಟ್ ಹಣ ಹಿಂದಿರುಗಿಸಿಲ್ಲ. ಮುಂಗಡ ಕೊಡುವ ಮುನ್ನ ಅಭಯಾರಣ್ಯದ ಪ್ರವೇಶ ಅನುಮತಿ ಯಾರ ಹೆಸರಿನಲ್ಲಿ, ಯಾವ ದಿನಕ್ಕೆ ಎಂದು ಕೇಳಿ, ರಸೀದಿಯ ಚಿತ್ರ ತರಿಸಿಕೊಳ್ಳಿ. ನಮ್ಮವನು ಅನುಮತಿಯನ್ನೇ ಪಡೆದಿರಲಿಲ್ಲ, ಗೇಟಿನಲ್ಲಿ ನಾವೇ ಚೀಟಿ ಮಾಡಿಸಿದೆವು. ಮಳೆಗಾಲದಲ್ಲಿ ಜಲಪಾತಗಳಿಗೆ ಪ್ರವೇಶ ನಿಲ್ಲಿಸುವುದುಂಟು, ಆಗ ಯಾವ ಏಜೆಂಟನ ಮಾತನ್ನೂ ನಂಬದೆ ಅರಣ್ಯ ಇಲಾಖೆಯನ್ನೇ ವಿಚಾರಿಸಿ. ಹಿಂದಿರುಗುವಾಗ ಬೆಳಗಾವಿಗೆ ಹೋಗುವವರು ಅನಮೋಡ ದಾರಿಯಲ್ಲಿ ಕತ್ತಲಾಗದಂತೆ ನೋಡಿಕೊಳ್ಳಿ. ಗಡಿಯ ತಪಾಸಣಾ ಠಾಣೆಯಲ್ಲಿ ನಿಮ್ಮ ಡಿಕ್ಕಿ ತೆಗೆಸುವುದು ಬಾಟಲಿ ಹುಡುಕಲು. ಅಲ್ಲಿ ಗೋಡಂಬಿಯ ಪೊಟ್ಟಣಗಳು ಮಾತ್ರ ಇದ್ದರೆ ಎರಡು ನಿಮಿಷದಲ್ಲಿ ಬಿಡುತ್ತಾರೆ.