ಆಟಿಸಂ ರಿಪೋರ್ಟ್‌ನ ಯಾವ ಸಾಲು ಏನು ಹೇಳುತ್ತದೆ?

ಹಾಸನ, ಸಕಲೇಶಪುರ, ಮೂಡಿಗೆರೆ ಕಡೆಯವರು ಮಗುವಿಗೆ ಮಾತು ಬಂದಿಲ್ಲವೆಂದು ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್‌ಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗಿ ಬಂದಾಗ ಕೈಯಲ್ಲಿ ನಾಲ್ಕೈದು ಹಾಳೆ ಇರುತ್ತವೆ. ಅಷ್ಟನ್ನೂ ಓದಿ ಹೆದರಬೇಡಿ. ‘ಡಯಾಗ್ನೋಸಿಸ್’ ಅಥವಾ ‘ಇಂಪ್ರೆಷನ್’ ಎಂಬ ಸಾಲು ಹುಡುಕಿ. ಅಲ್ಲಿ ಪ್ರಶ್ನಾರ್ಥಕ ಚಿಹ್ನೆಯೋ ‘ಪ್ರಾವಿಷನಲ್’ ಎಂದೋ ಇದ್ದರೆ ತೀರ್ಮಾನ ಇನ್ನೂ ಆಗಿಲ್ಲ. ಥೆರಪಿಗೆ ಮಾತ್ರ ಆ ತೀರ್ಮಾನ ಕಾಯುತ್ತ ಕೂರಬೇಕಿಲ್ಲ.

ಎಕೊಲೇಲಿಯಾ ಅಂದರೆ ಕೇಳಿದ ಮಾತನ್ನೇ ತಿರುಗಿ ಹೇಳುವುದು, ಸ್ಟಿಮಿಂಗ್ ಅಂದರೆ ಕೈ ಬಡಿಯುವುದು, ತೂಗಾಡುವುದು. ಇವು ಲಕ್ಷಣಗಳೇ ಹೊರತು ಬೇರೆ ಸಮಸ್ಯೆಗಳಲ್ಲ. ಎಂ-ಚಾಟ್ 16ರಿಂದ 30 ತಿಂಗಳ ಮಕ್ಕಳ ಬಗ್ಗೆ ತಂದೆತಾಯಿಗೆ ಕೇಳುವ 20 ಪ್ರಶ್ನೆಗಳ ಸ್ಕ್ರೀನಿಂಗ್. ಅದರ ಅಂಕದಿಂದಲೇ ಆಟಿಸಂ ಎನ್ನಲಾಗದು.

ಹಳೆಯ ರಿಪೋರ್ಟ್‌ನಲ್ಲಿ ಆಸ್ಪರ್ಜರ್, ಪಿಡಿಡಿ ಎಂಬ ಹಳೆಯ ಹೆಸರುಗಳಿರಬಹುದು. ಅಮೆರಿಕದ ಮನೋವೈದ್ಯರ ಕೈಪಿಡಿಯಾದ 2013ರ ಡಿಎಸ್‌ಎಂ-5 ಇವನ್ನೆಲ್ಲ ಆಟಿಸಂ ಸ್ಪೆಕ್ಟ್ರಂ ಎಂಬ ಒಂದೇ ಹೆಸರಿಗೆ ಸೇರಿಸಿತು. ಎಡಿಎಚ್‌ಡಿಯನ್ನು (ಗಮನ ನಿಲ್ಲದಿರುವುದು, ಅತಿ ಚಟುವಟಿಕೆ) ಆಟಿಸಂ ಜೊತೆಗೇ ಬರೆಯಲು ದಾರಿಯಾದದ್ದೂ ಆಗಲೇ. ಲೆವೆಲ್ 1, 2, 3 ಎಂಬುದು ಈಗ ಎಷ್ಟು ನೆರವು ಬೇಕು ಎನ್ನುವುದರ ಅಳತೆ, ವಯಸ್ಸಾದಂತೆ ಬದಲಾಗಬಹುದು. ‘ಗ್ಲೋಬಲ್ ಡೆವಲಪ್‌ಮೆಂಟಲ್ ಡಿಲೇ’, ಅಂದರೆ ಹಲವು ಬೆಳವಣಿಗೆಗಳು ತಡವಾಗಿವೆ ಎಂಬ ಮಾತು, ಐದು ವರ್ಷದೊಳಗಿನವರಿಗಷ್ಟೇ. ಐದು ದಾಟಿದ ಮೇಲೂ ಅದೇ ಹಾಳೆ ಹಿಡಿದು ಓಡಾಡಬೇಡಿ, ಬುದ್ಧಿಮಟ್ಟದ ಪರೀಕ್ಷೆ ಮಾಡಿಸಿ.

ಮೊಬೈಲ್, ಟಿವಿ ಹೆಚ್ಚು ನೋಡಿ ಬರುತ್ತದೆ ಎನ್ನುವ ‘ವರ್ಚುವಲ್ ಆಟಿಸಂ’ ಡಿಎಸ್‌ಎಂನಲ್ಲೂ ಇಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿಯಲ್ಲೂ ಇಲ್ಲ. ಮೊಬೈಲ್ ಕಿತ್ತಿಡಿ, ಒಳ್ಳೆಯದೇ. ಆದರೆ ಅದನ್ನೇ ನಂಬಿ ತಪಾಸಣೆ ಮುಂದೂಡಿದರೆ ನಷ್ಟ ಮಗುವಿಗೆ.

ಬೆರಾ ಎಂದು ಬರೆದಿದ್ದರೆ ಅದು ಕಿವಿಯ ಪರೀಕ್ಷೆ. ಕರೆದರೆ ತಿರುಗದ ಮಗುವಿಗೆ ಕಿವಿ ಕೇಳುತ್ತದೆಯೇ ಎಂಬುದು ಮೊದಲು ಖಚಿತವಾಗಬೇಕು. ಚಿಕ್ಕ ಮಕ್ಕಳಿಗೆ ಇದನ್ನು ನಿದ್ದೆಯಲ್ಲಿ ಮಾಡುತ್ತಾರೆ. ನಮ್ಮ ಕಡೆಯವರಿಗೆ ಎಡವಟ್ಟಾಗುವುದು ಇಲ್ಲೇ: ಹಾಸನದಿಂದ ಮೈಸೂರಿನವರೆಗೂ ಬಸ್ಸಿನಲ್ಲಿ ಗಡದ್ದಾಗಿ ಮಲಗಿದ ಮಗು ಅಲ್ಲಿ ಕಣ್ಣು ಮುಚ್ಚುವುದೇ ಇಲ್ಲ, ಇನ್ನೊಂದು ದಿನ ಬನ್ನಿ ಎನ್ನುತ್ತಾರೆ. ಬೆಳಗಿನ ಜಾವವೇ ಎಬ್ಬಿಸಿ, ದಾರಿಯುದ್ದಕ್ಕೂ ಆಡಿಸುತ್ತ ಎಚ್ಚರವಾಗಿಡಿ.

ಆಟಿಸಂ ಇರುವ ಮಕ್ಕಳಲ್ಲಿ ಫಿಟ್ಸ್ ಉಳಿದವರಿಗಿಂತ ಹೆಚ್ಚು. ಮುಟ್ಟಿದರೂ ಎಚ್ಚರವಾಗದಂತೆ ನಿಂತಲ್ಲೇ ದಿಟ್ಟಿಸುತ್ತಿದ್ದರೆ ಮೊಬೈಲ್‌ನಲ್ಲಿ ವಿಡಿಯೊ ತೆಗೆದು ಡಾಕ್ಟರಿಗೆ ತೋರಿಸಿ. ಬಾಯಲ್ಲಿ ವಿವರಿಸಿದರೆ ಸಾಲದು.

ಇನ್ನು ಅಂಗವೈಕಲ್ಯದ ಪರ್ಸೆಂಟ್. ಲೆವೆಲ್‌ಗೂ ಅದಕ್ಕೂ ನೇರ ಸಂಬಂಧವಿಲ್ಲ. ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಐಎಸ್‌ಎಎ ಎಂಬ ಭಾರತೀಯ ಮಾಪಕ ಬಳಸುತ್ತಾರೆ: 40 ಅಂಶ, ಒಂದೊಂದಕ್ಕೆ 1ರಿಂದ 5 ಅಂಕ. ಒಟ್ಟು 70ಕ್ಕಿಂತ ಕಡಿಮೆ ಬಂದರೆ ಆ ಮಾಪಕದ ಪ್ರಕಾರ ಆಟಿಸಂ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಮೀಸಲಾತಿಯಂಥ ಸೌಲಭ್ಯಕ್ಕೆ 40 ಪರ್ಸೆಂಟ್ ಬೇಕು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ. ಥೆರಪಿ ಸೆಂಟರಿನವರು ಕೊಡುವ ಪ್ರೋಗ್ರೆಸ್ ರಿಪೋರ್ಟ್ ಪ್ರಮಾಣಪತ್ರದ ಬದಲಿಗೆ ನಡೆಯುವುದಿಲ್ಲ.