ಮಲೆಗಳಲ್ಲಿ ಮದುಮಗಳು: ಮೂರನೆಯ ಓದಿನ ಪ್ರಗತಿ

ಜೂನ್

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ಓದುವ ಕೆಲಸವನ್ನು ಈ ಮಳೆಗಾಲದ ಆರಂಭದಲ್ಲಿ ಕೈಗೆತ್ತಿಕೊಂಡಿದ್ದೇನೆ. ಮೊದಲ ಓದು ಪದವಿ ತರಗತಿಯ ಕಾಲದ್ದು. ಎರಡನೆಯದು ಮಕ್ಕಳು ಚಿಕ್ಕವರಿದ್ದ ವರ್ಷಗಳದ್ದು. ಈಗ ನನಗೆ ಅರವತ್ತೆರಡು. 1904ರ ಡಿಸೆಂಬರಿನಲ್ಲಿ ಹುಟ್ಟಿದ ಕುವೆಂಪು ಅವರು 1967ರಲ್ಲಿ ಈ ಕಾದಂಬರಿಯನ್ನು ಪ್ರಕಟಿಸಿದಾಗ ಅವರ ವಯಸ್ಸೂ ಇಷ್ಟೇ ಆಗಿತ್ತು. ಬರೆದವರ ವಯಸ್ಸಿಗೆ ಬಂದು ನಿಂತ ಓದುಗನಿಗೆ ಅದೇ ಪುಟಗಳು ಏನನ್ನು ತೋರಿಸುತ್ತವೆ ಎಂದು ತಿಳಿಯುವ ಆಸೆಯಿಂದ ಈ ಓದು ಹೊರಟಿದೆ.

ಸುಮಾರು 700 ಪುಟಗಳ ಪುಸ್ತಕವನ್ನು ಅವಸರವಿಲ್ಲದೆ ಓದಬೇಕು, ಪಕ್ಕದಲ್ಲೊಂದು ನೋಟ್‌ಬುಕ್ ಇರಬೇಕು, ಕಥೆಯ ಮನೆಗಳಿಗೂ ಅವುಗಳ ನಡುವಿನ ಒಳದಾರಿಗಳಿಗೂ ಒಂದು ನಕ್ಷೆ ಬರೆಯುತ್ತಾ ಹೋಗಬೇಕು ಎಂದು ನಿರ್ಧರಿಸಿದ್ದೇನೆ. ಮೊದಲ ಓದಿನಲ್ಲಿ ಪೆನ್ಸಿಲಿನಿಂದಲೂ ಎರಡನೆಯದರಲ್ಲಿ ನೀಲಿ ಶಾಯಿಯಿಂದಲೂ ಗೆರೆ ಎಳೆದ ನನ್ನ ಹಳೆಯ ಪ್ರತಿಯನ್ನೇ ಓದುತ್ತಿದ್ದೇನೆ. ಈ ಸಲ ಪುಟಗಳ ಮೇಲೆ ಏನನ್ನೂ ಬರೆಯದೆ, ಹೇಳಬೇಕಾದುದನ್ನೆಲ್ಲ ನೋಟ್‌ಬುಕ್ಕಿಗೇ ಇಳಿಸುತ್ತೇನೆ.

ಮೊದಲ ಅಧ್ಯಾಯಗಳು ಮುಗಿದಿವೆ. ಸಿಂಬಾವಿಯಿಂದ ಹೊರಟ ಗುತ್ತಿಯೂ ಅವನ ನಾಯಿ ಹುಲಿಯನೂ ನಡೆಯುತ್ತಾ ಹೋದಂತೆ ಒಂದೊಂದೇ ಮನೆಯ ಹೆಬ್ಬಾಗಿಲು ನಮಗೆ ತೆರೆದುಕೊಳ್ಳುತ್ತದೆ. ಮಲೆನಾಡಿನ ಆ ಇಡೀ ಸಮಾಜವನ್ನು ಪರಿಚಯಿಸಲು ಕಾದಂಬರಿಕಾರರು ಹೆಗ್ಗಡೆಯೊಬ್ಬನನ್ನಾಗಲಿ ಓದಿದವನೊಬ್ಬನನ್ನಾಗಲಿ ಆರಿಸಿಕೊಳ್ಳದೆ, ಜಗಲಿ ಹತ್ತುವ ಹಕ್ಕೂ ಇಲ್ಲದ ಒಬ್ಬ ಜೀತದಾಳಿನ ಕಾಲುಗಳನ್ನು ಆರಿಸಿಕೊಂಡರು ಎಂಬುದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿಯೇ ಬರೆದುಕೊಂಡಿದ್ದೇನೆ. ಒಬ್ಬ ದೊಡ್ಡ ಲೇಖಕ ತನ್ನ ನಾಡನ್ನು ಎಲ್ಲಿಂದ ನೋಡಬೇಕೆಂದು ತೀರ್ಮಾನಿಸಿದ ಆ ನಡೆಯ ಬಗ್ಗೆ ನನಗೆ ಅಪಾರವಾದ ಗೌರವವಿದೆ.

ಜುಲೈ

ಹಳೆಯ ಗುರುತುಗಳನ್ನು ಹೋಲಿಸುವ ಕೆಲಸ ಈ ತಿಂಗಳು ಸಾಗಿದೆ. ಪೆನ್ಸಿಲ್ ಗೆರೆಗಳು ಬಹುಪಾಲು ಎರಡು ಜೋಡಿಗಳ ಸುತ್ತ ಇವೆ: ಬೆಟ್ಟಳ್ಳಿಯಿಂದ ತಿಮ್ಮಿಯನ್ನು ಹಾರಿಸಿಕೊಂಡು ಹೋಗುವ ಗುತ್ತಿ, ಮತ್ತು ಮನೆಯಲ್ಲಿ ಆಗಲೇ ಹೆಂಡತಿಯಿರುವ ಸಿಂಬಾವಿಯ ಭರಮೈ ಹೆಗ್ಗಡೆಗೆ ತನ್ನನ್ನು ಕೊಡಲು ಹೊರಟಾಗ ಮದುವೆಯ ಮನೆಯಿಂದಲೇ ತಪ್ಪಿಸಿಕೊಂಡು ಮುಕುಂದಯ್ಯನನ್ನು ಸೇರಲು ಕತ್ತಲ ಕಾಡಿಗೆ ನಡೆಯುವ ಹೂವಳ್ಳಿಯ ಚಿನ್ನಮ್ಮ. ಇಪ್ಪತ್ತರ ಹರೆಯಕ್ಕೆ ಇದೊಂದು ಓಟದ ಕಥೆಯಾಗಿತ್ತು. ಗುತ್ತಿಯನ್ನು ಕಾಡಿನ ನಡುವೆ ಬಿಟ್ಟು ಕಥೆ ಮತ್ತೊಂದು ಮನೆಯ ಜಗಲಿಗೆ ಹೋಗಿ ಕುಳಿತಾಗಲೆಲ್ಲ ಪೆನ್ಸಿಲ್ ಸುಮ್ಮನಾಗಿದೆ. ಎಷ್ಟೋ ಪುಟಗಳ ನಂತರ ಅವನು ಮತ್ತೆ ಸಿಕ್ಕಾಗಷ್ಟೇ ಗೆರೆಗಳು ಮೊದಲಾಗುತ್ತವೆ.

ನೀಲಿ ಶಾಯಿ ಬೇರೆ ಕಡೆ ನಿಂತಿದೆ. ಆ ಓದಿನ ಕಾಲಕ್ಕೆ ನಾನು ಹೆಣ್ಣುಮಗುವಿನ ತಂದೆಯಾಗಿದ್ದೆ. ಸುತ್ತಲಿನ ಗಂಡಸರ ಕ್ರೌರ್ಯಕ್ಕೆ ಬಲಿಯಾಗುವ ಕಾವೇರಿಯ ಅಧ್ಯಾಯಗಳಲ್ಲಿ ಹೆಚ್ಚುಕಡಿಮೆ ಪ್ರತಿ ಪುಟದಲ್ಲೂ ಗುರುತುಗಳಿವೆ. ಐತ, ಪೀಂಚಲು ದಂಪತಿಗಳ ಪುಟಗಳಲ್ಲೂ ನೀಲಿ ಗೆರೆಗಳು ದಟ್ಟವಾಗಿವೆ. ಘಟ್ಟದ ಕೆಳಗಿನಿಂದ ಕೂಲಿಗೆ ಬಂದ ಆ ಇಬ್ಬರ ಬಿಡಾರದಲ್ಲಿ ಬಡತನದ ನಡುವೆಯೂ ಇರುವ ಸಲಿಗೆ, ಹುಡುಗಾಟ, ಒಬ್ಬರನ್ನೊಬ್ಬರು ನೆಚ್ಚಿಕೊಂಡಿರುವ ರೀತಿ ಆಗ ನನ್ನನ್ನು ಬಹುವಾಗಿ ಸೆಳೆದಿದ್ದವು. ಇಡೀ ಕಾದಂಬರಿಯಲ್ಲಿ ದಾಂಪತ್ಯದ ಅತ್ಯಂತ ಸುಂದರವಾದ ಚಿತ್ರ ಅದೇ ಎಂಬ ಅಂದಿನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ.

ಈ ಎರಡು ಓದುಗಳ ಆಚೆಗೆ, 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ನಡೆದ ಅಹೋರಾತ್ರಿ ನಾಟಕವನ್ನೂ ಇಲ್ಲಿ ಸೇರಿಸಿಕೊಳ್ಳಬೇಕು. ಕೆ. ವೈ. ನಾರಾಯಣಸ್ವಾಮಿ ಅವರ ರಂಗರೂಪವು ಒಂಬತ್ತು ಗಂಟೆಗಳಷ್ಟು ಕಾಲ, ಒಂದು ರಂಗಸ್ಥಳದಿಂದ ಮತ್ತೊಂದಕ್ಕೆ ಪ್ರೇಕ್ಷಕರನ್ನು ನಡೆಸುತ್ತಾ ಬೆಳಗಿನವರೆಗೆ ಸಾಗುತ್ತಿತ್ತು. ಹಾಗೆ ಎದ್ದು ನಡೆದು ಮತ್ತೊಂದು ಕಡೆ ಕೂತಾಗ, ಕಾದಂಬರಿ ಮನೆಯಿಂದ ಮನೆಗೆ ಜಿಗಿಯುವುದು ಅದರ ಕಟ್ಟಡದ ಮುಖ್ಯ ತತ್ತ್ವವೆಂಬುದು ನನಗೆ ಮನದಟ್ಟಾಯಿತು.

ಆಗಸ್ಟ್

ಈ ತಿಂಗಳಿನಿಂದ ಸಂಜೆಯ ಹೊತ್ತು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೇನೆ. ತೀರ್ಥಹಳ್ಳಿಯ ಕಡೆಯಲ್ಲಿ ಹುಟ್ಟಿ ಬೆಳೆದ ಅವರಿಗೆ ಕಣ್ಣು ಮಂಜಾಗಿದೆ, ಕಿವಿ ಮಾತ್ರ ಚುರುಕಾಗಿದೆ. ಸಂಭಾಷಣೆಗಳ ಆಡುಮಾತು ನನ್ನ ಬಾಯಲ್ಲಿ ಸರಿಯಾಗಿ ಬಾರದಿದ್ದರೆ ಅವರು ಅದೇ ಮಾತನ್ನು ತಮ್ಮ ರಾಗದಲ್ಲಿ ಮತ್ತೊಮ್ಮೆ ಆಡುತ್ತಾರೆ. ಆಗ ಅದರಲ್ಲಿರುವ ಕೋಪವೋ ಅಕ್ಕರೆಯೋ ಥಟ್ಟನೆ ಕೇಳಿಸುತ್ತದೆ. ಗಟ್ಟಿಯಾಗಿ ಓದುವುದರಿಂದ ವೇಗ ಬಹಳ ಕುಗ್ಗಿದೆ. ಆದರೆ ಕಾಡಿನ, ಮಳೆಯ, ಹಕ್ಕಿಯ ದನಿಗಳ ದೀರ್ಘ ವರ್ಣನೆಗಳನ್ನು ಬರೆದ ಉಸಿರಿನ ಅಳತೆ ತಿಳಿಯಬೇಕಾದರೆ ಬೇರೆ ದಾರಿ ನನಗೆ ಕಾಣದು.

ಚಿನ್ನಮ್ಮ ಮನೆ ಬಿಟ್ಟು ಹೋಗುವ ರಾತ್ರಿಯನ್ನು ಓದಿ ಮುಗಿಸಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಅಜ್ಜಿಗೆ ಇನ್ನು ಯಾರಪ್ಪಾ ಗತಿ?” ಎಂದು ಕೇಳಿದರು. ತಾಯಿಯಿಲ್ಲದ ಮೊಮ್ಮಗಳನ್ನು ಸಾಕಿದ ಅಜ್ಜಿಯ ಬಗ್ಗೆ ಈ ಪ್ರಶ್ನೆ ಪೆನ್ಸಿಲಿನ ಕಾಲದಲ್ಲೂ ನೀಲಿ ಶಾಯಿಯ ಕಾಲದಲ್ಲೂ ಪುಟದ ಅಂಚಿಗೆ ಬಂದಿಲ್ಲ. ಎಂಬತ್ತು ದಾಟಿದ ಓದುಗರೊಬ್ಬರು ಜೊತೆಗೆ ಇರುವುದರಿಂದ ಈ ಯೋಜನೆಗೆ ನಾನು ಇನ್ನೂ ಮುಟ್ಟಿರದ ಒಂದು ವಯಸ್ಸಿನ ಓದೂ ಸೇರಿಕೊಂಡಿದೆ.

ನನ್ನ ಈ ಸಲದ ಓದು ಬಹಳ ಹೊತ್ತು ತಂಗಿರುವುದು ಹಳೆಮನೆಯಲ್ಲಿ. ಸುಬ್ಬಣ್ಣ ಹೆಗ್ಗಡೆಯ ಹಿರಿಯ ಮಗ ದೊಡ್ಡಣ್ಣ ಹೆಗ್ಗಡೆ ತಿರುಪತಿ ಯಾತ್ರೆಗೆ ಹೋದವನು ಹಿಂದಿರುಗಿಲ್ಲ. ಅವನ ಹೆಂಡತಿ ರಂಗಮ್ಮ ಬುದ್ಧಿ ಕಲಕಿದವಳಾಗಿ ಕಾಯುತ್ತಿದ್ದಾಳೆ. ಮಗ ಧರ್ಮು ಅದನ್ನೆಲ್ಲ ನೋಡುತ್ತಾ ಬೆಳೆಯುತ್ತಿದ್ದಾನೆ. ಇಷ್ಟು ವರ್ಷ ಈ ಭಾಗ ನನಗೆ ಹಿನ್ನೆಲೆಯಾಗಿತ್ತು. ಈಗ ಮಗನನ್ನು ಕಳೆದುಕೊಂಡ ಮುದುಕ ಅದನ್ನು ಬಾಯಿಬಿಟ್ಟು ಹೇಳದೆ ಮನೆ, ಗದ್ದೆ, ಆಳುಗಳ ಮೇಲೆ ಗದರುತ್ತಾ ದಿನ ದೂಡುವುದನ್ನು ಓದುವಾಗ, ಈ ಕಾದಂಬರಿ ಓಡಿಹೋದವರಿಗೆ ಎಷ್ಟು ಸೇರಿದ್ದೋ ಕಾದು ಕುಳಿತವರಿಗೂ ಅಷ್ಟೇ ಸೇರಿದ್ದು ಎಂದು ನನಗೆ ಖಚಿತವಾಗಿ ಅನಿಸುತ್ತಿದೆ. “ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ” ಎಂದು ಪುಸ್ತಕದ ಬಾಗಿಲಲ್ಲೇ ಬರೆದಿರುವ ಮಾತು ಎಲ್ಲರಿಗೂ ಬಾಯಿಪಾಠ. ಕಥೆಯ ನಡುಬಿಂದು ಗುತ್ತಿಯಿಂದ ಕಾವೇರಿಗೆ, ಕಾವೇರಿಯಿಂದ ರಂಗಮ್ಮನಿಗೆ ನನ್ನ ಕಣ್ಣೆದುರಿಗೇ ಸರಿಯುತ್ತಾ ಬಂದದ್ದರಿಂದ, ಆ ಮಾತನ್ನು ನಾನೀಗ ಓದುಗನ ಆಯುಷ್ಯಕ್ಕೂ ಅನ್ವಯಿಸಿಕೊಳ್ಳುತ್ತೇನೆ.

ಸೆಪ್ಟೆಂಬರ್

ನಕ್ಷೆ ಒಂದು ಹಂತಕ್ಕೆ ಬಂದಿದೆ. ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ರಸ್ತೆಯಲ್ಲಿರುವ ಮೇಗರವಳ್ಳಿಯನ್ನೂ ತುಂಗಾ ನದಿಯನ್ನೂ ಆಧಾರವಾಗಿಟ್ಟುಕೊಂಡು, ಕೋಣೂರು, ಹೂವಳ್ಳಿ, ಬೆಟ್ಟಳ್ಳಿ, ಹಳೆಮನೆ, ಸಿಂಬಾವಿಗಳನ್ನು ಪಾತ್ರಗಳು ನಡೆದು ತಲುಪುವ ಹೊತ್ತಿನ ಲೆಕ್ಕದಲ್ಲಿ ಇರಿಸಿದ್ದೇನೆ.

ಉಳಿದಿರುವುದು ಕೊನೆಯ ಭಾಗ. ಕಥೆಯ ಕಾಲ 1893ರ ಆಸುಪಾಸು. ಈ ಕಾಡಿನ ಕತ್ತಲಿನಲ್ಲಿ ಜನ ಬದುಕಿಗಾಗಿ ಓಡುತ್ತಿರುವ ಹೊತ್ತಿಗೇ ಷಿಕಾಗೋದಲ್ಲಿ ನಿಂತ ವಿವೇಕಾನಂದರ ನೆನಪನ್ನು ಕುವೆಂಪು ತರುತ್ತಾರೆ. ತುಂಬಿ ಹರಿಯುವ ತುಂಗೆಯನ್ನು ಗುತ್ತಿಯೂ ತಿಮ್ಮಿಯೂ ದಾಟುವಾಗ ಹುಲಿಯ ನೀರುಪಾಲಾಗುವ ಪುಟಗಳನ್ನು ಅಮ್ಮನಿಗೆ ಹಗಲು ಹೊತ್ತಿನಲ್ಲಿ ಓದಿ ಹೇಳಬೇಕೆಂದಿದ್ದೇನೆ, ಏಕೆಂದರೆ ಆ ನಾಯಿಯ ಮೇಲೆ ಅವರಿಗೆ ಈಗಾಗಲೇ ತುಂಬ ಪ್ರೀತಿ ಬೆಳೆದಿದೆ.

ಇದು ಮುಗಿದ ಕೂಡಲೇ 1936ರ ‘ಕಾನೂರು ಹೆಗ್ಗಡಿತಿ’ಯನ್ನು ಎತ್ತಿಕೊಳ್ಳುತ್ತೇನೆ. ಅದು ಪ್ರಕಟವಾದಾಗ ಕುವೆಂಪು ಮೂವತ್ತರ ಆರಂಭದಲ್ಲಿದ್ದರು, ಮತ್ತು ಅದರ ನಡುವೆ ಓದು ಕಲಿತ, ಆದರ್ಶದ ಕಡೆಗೆ ಮುಖ ಮಾಡಿದ ಹೂವಯ್ಯ ನಿಂತಿದ್ದಾನೆ. ಅದೇ ಮಲೆನಾಡಿಗೆ ಮೂರು ದಶಕಗಳ ಬಳಿಕ ಮರಳಿದ ಲೇಖಕ ಅಂಥ ನಾಯಕನನ್ನು ಕೈಬಿಟ್ಟು ಎಲ್ಲರಿಗೂ ಸಮಪಾಲು ಕೊಟ್ಟದ್ದರ ಹಿಂದೆ ವಯಸ್ಸಿನ ಪಾತ್ರ ಎಷ್ಟು ಎಂಬುದು ನನ್ನ ಮುಂದಿರುವ ಪ್ರಶ್ನೆ. ಆ ಓದಿಗಾಗಿ ನೋಟ್‌ಬುಕ್ಕಿನಲ್ಲಿ ಜಾಗ ಬಿಟ್ಟಿದ್ದೇನೆ. ಹೂವಯ್ಯ ಎದುರಿಗಿಲ್ಲದ ಪುಟಗಳಲ್ಲಿ ಕಾನೂರಿನ ಆಳುಗಳು ತಮ್ಮ ತಮ್ಮೊಳಗೆ ಏನು ಮಾತಾಡಿಕೊಳ್ಳುತ್ತಾರೆ ಎಂಬುದನ್ನು ಮೊದಲು ಗಮನಿಸಬೇಕೆಂದು ಅಲ್ಲಿ ಬರೆದಿಟ್ಟಿದ್ದೇನೆ.